ಒನಕೆಗೆ ಸಿಗದ ಮರಗಪ್ಪೆಗಳು

"ಮದರಾಸಿನಿಂದ ಲಾಟ್ ಸಾಹೇಬರೇ ಬಂದು ಕೇಳಿದ್ರೂ ಕೊಡಂಗಿಲ್ಲ" ಎಂದು ಜುಂಜಿ ಮಣ್ಣಿನ ಬಾನಿಯನ್ನು ತಬ್ಬಿಕೊಂಡು ಕುಳಿತುಬಿಟ್ಟಳು.

ಅಂಗಳದಲ್ಲಿ ಊರ ಹೆಂಗಸರು ನಿಂತಿದ್ದರು. ಎಲ್ಲರಿಗಿಂತ ಮುಂದಿದ್ದ ನರಸಕ್ಕನ ಹೆಗಲ ಮೇಲೆ ಒನಕೆ, ಒನಕೆಗೆ ಬೇವಿನ ಸೊಪ್ಪು. ಮೊದಲ ಮಳೆ ಸುರಿದು ಹೋದದ್ದು ಮತ್ತೆ ರಾಯದುರ್ಗದ ಕಡೆ ತಲೆ ಹಾಕಿರಲಿಲ್ಲ. ಮಳೆ ಕೈಕೊಟ್ಟರೆ ಒನಕೆಗೆ ಕಪ್ಪೆ ಕಟ್ಟಿ ಮನೆಮನೆಗೆ ಹೊತ್ತು ತಿರುಗುವುದು ಆ ಊರಿನ ಪದ್ಧತಿ. ಮನೆಯವರು ಅದರ ಮೇಲೆ ನೀರು ಸುರಿದು, ಮೊರದಲ್ಲಿ ಕಾಳು ಕೊಡುತ್ತಾರೆ. ಈ ಸಲ ಕೆರೆ ಒಣಗಿ ಕಪ್ಪೆಗಳೆಲ್ಲ ಮಣ್ಣಿನೊಳಗೆ ಸೇರಿಕೊಂಡಿದ್ದವು. ಕಣ್ಣಿಗೆ ಕಾಣುವ ಕಪ್ಪೆ ಇದ್ದದ್ದು ಜುಂಜಿಯ ಮನೆಯಲ್ಲಿ ಮಾತ್ರ.

ಅವು ಸುಮ್ಮನೆ ಬಂದವಲ್ಲ. ಮೊದಲ ಮಳೆಗೆ ಯಾವುದೋ ಮರಗಪ್ಪೆ ಕುರಿಗಳ ನೀರಿನ ತೊಟ್ಟಿಯ ಗೋಡೆಗೆ ನೊರೆಯ ಗೂಡು ಅಂಟಿಸಿ ಹೋಗಿತ್ತು. ಗೂಡಿನಿಂದ ಗೊದಮೊಟ್ಟೆಗಳು ಉದುರಿ ನೀರಿಗೆ ಬಿದ್ದವು. ತೊಟ್ಟಿ ಬತ್ತತೊಡಗಿದಾಗ ಜುಂಜಿ ಅವನ್ನು ಬೊಗಸೆಯಲ್ಲಿ ಮೊಗೆದು ಬಾನಿಗೆ ಬಿಟ್ಟಳು. ಬೇಯಿಸಿದ ಸೊಪ್ಪು ಹಾಕಿದಳು. ಕಾಲು ಮೂಡಿದ ಮರಿಯೊಂದು ಹತ್ತಲು ಜಾಗವಿಲ್ಲದೆ ನೀರಿನಲ್ಲೇ ಮುಳುಗಿ ಸತ್ತಾಗ ಊಟ ಬಿಟ್ಟು ಅತ್ತಳು. ಮರುದಿನವೇ ಬಾನಿಯೊಳಗೆ ಕಲ್ಲಿಟ್ಟು ರೆಂಬೆ ನಿಲ್ಲಿಸಿದಳು. ಬಾಲ ಕರಗಿದ ಮರಿಗಳಿಗೆ ಕುರಿ ರೊಪ್ಪದಲ್ಲಿ ಸಣ್ಣ ನೊಣ ಹಿಡಿದು ತಂದಳು. ಬೋರ್ಡ್ ಸ್ಕೂಲಿನ ಹುಡುಗರು 'ಕಪ್ಪೆ ನರ್ಸಮ್ಮ' ಎಂದು ಹೆಸರಿಟ್ಟರು. ಅವಳು ಕ್ಯಾರೇ ಅನ್ನಲಿಲ್ಲ.

ಈಗ ದೊಡ್ಡಪ್ಪ ದೊಡ್ಡಮಲ್ಲಪ್ಪ ಒಳಗಿನಿಂದ ಬಂದು ಗದರಿಸಿದ. ಇಡೀ ಊರಿಗಿಂತ ಹೆಬ್ಬೆಟ್ಟಿನಷ್ಟು ಕಪ್ಪೆ ದೊಡ್ಡದೇ ಎಂದು ಕೇಳಿದ.

"ಹೋದ ವರ್ಷ ನಾನೂ ಹಿಂದಿಂದ ಹೋಗಿದ್ದೆ ದೊಡ್ಡಪ್ಪ. ಕೊನೇ ಮನಿ ಮುಟ್ಟೋದ್ರಾಗ ಒನಕಿ ಮ್ಯಾಲಿನ ಕಪ್ಪಿ ಸತ್ತಿತ್ತು. ನೀವ್ಯಾರೂ ನೋಡ್ಲಿಲ್ರಿ. ನಾ ನೋಡೀನಿ."

ನರಸಕ್ಕ ಒನಕೆಯ ಬೇವಿನ ಸೊಪ್ಪು ಸರಿಮಾಡಿದಳು. ಸಂಜೆ ಬರುತ್ತೇವೆ, ಅಷ್ಟರಲ್ಲಿ ಹುಡುಗಿಗೆ ಬುದ್ಧಿ ಹೇಳಿರಿ ಎಂದು ಹೆಂಗಸರು ಹೊರಟರು.

ಬುದ್ಧಿ ಹೇಳಲು ಅಜ್ಜಿ ತಿಪ್ಪಕ್ಕ ಬಂದು ಪಕ್ಕದಲ್ಲಿ ಕುಳಿತಳು. ಬೈಯಲಿಲ್ಲ. ಬಾನಿಯ ಬಾಯಿಗೆ ಬಿಗಿದಿದ್ದ ತೆಳುಬಟ್ಟೆಯನ್ನು ಬೆರಳಿನಿಂದ ಮುಟ್ಟಿದಳು. ಒಳಗಿದ್ದ ಮರಿಯೊಂದು ಎಗರಿ, ಬಟ್ಟೆಗೆ ತಲೆ ತಾಗಿಸಿಕೊಂಡು ಕೆಳಗೆ ಬಿತ್ತು.

"ಬಟ್ಟಿ ಯಾಕ ಕಟ್ಟೀಯವ್ವ?"

"ಬಿಚ್ಚಿದ್ರ ಓಡಿ ಹೋಗ್ತಾವಜ್ಜಿ."

"ನರಸಕ್ಕನೂ ಅದಕ್ಕೇ ಕಟ್ತಾಳ" ಎಂದು ಅಜ್ಜಿ ಎದ್ದು ಕುರಿಮರಿಗಳ ಕಡೆ ಹೋದಳು.

ಜುಂಜಿಗೆ ಮೈಯೆಲ್ಲ ಉರಿಯಿತು. ತಾನೂ ನರಸಕ್ಕನೂ ಒಂದೇನಾ? ತಾನು ಹೊಟ್ಟೆಗೆ ಹಾಕಿ ಸಾಕಿದವಳು. ಅಷ್ಟರಲ್ಲಿ ಮರಿ ಇನ್ನೊಮ್ಮೆ ಎಗರಿ ಬಟ್ಟೆಗೆ ತಾಗಿ ಬಿತ್ತು.

ಅವಳು ಬಾನಿಯ ನೀರು ಅರ್ಧ ಚೆಲ್ಲಿ, ಅದನ್ನು ಸೊಂಟಕ್ಕೇರಿಸಿಕೊಂಡು ಸೇದುವ ಬಾವಿಯ ಹತ್ತಿರದ ಹೊಂಗೆಮರಕ್ಕೆ ನಡೆದಳು. ಅಲ್ಲಿ ಎಂದೂ ನೆಲದ ತಂಪು ಆರುತ್ತಿರಲಿಲ್ಲ. ಬಟ್ಟೆ ಬಿಚ್ಚಿದಳು. ಮರಿಗಳು ಒಂದರ ಹಿಂದೊಂದು ಕಾಂಡಕ್ಕೆ ಅಂಟಿಕೊಂಡು ಮೇಲೇರಿದವು. ಒಂದೂ ತಿರುಗಿ ನೋಡಲಿಲ್ಲ. ಅದರಿಂದ ಅವಳಿಗೆ ಬಹಳ ನೋವಾಯಿತು.

ಸಂಜೆ ಒನಕೆ ಮತ್ತೆ ಬಾಗಿಲಿಗೆ ಬಂತು. ಬಾನಿ ಬರಿದಾಗಿತ್ತು.

"ಯಾರನ್ನ ಕೇಳಿ ಬಿಟ್ಟಿ?" ದೊಡ್ಡಪ್ಪನ ಮೀಸೆ ನಡುಗಿತು.

"ಕಪ್ಪಿಗಳನ್ನ ಕೇಳಿ" ಎಂದಳು ಜುಂಜಿ. ಹೆದರಿಕೆಯಾದರೂ ನಿಂತ ಜಾಗ ಬಿಡಲಿಲ್ಲ.

ಧೂಳಿನಲ್ಲಿ ಮೂಡಿದ್ದ ಅವಳ ಹೆಜ್ಜೆಗಳ ಜಾಡು ಹಿಡಿದು ಎಲ್ಲರೂ ಹೊಂಗೆಮರಕ್ಕೆ ಬಂದರು. ದೊಡ್ಡಪ್ಪ ರೆಂಬೆ ಬಗ್ಗಿಸಿ ನೋಡಿದ. ನರಸಕ್ಕ ಎಲೆ ಸರಿಸಿ ನೋಡಿದಳು. ಎಲ್ಲರಿಗಿಂತ ಹೆಚ್ಚು ಹುಡುಕಿದವಳು ಜುಂಜಿಯೇ. ಒಂದನ್ನಾದರೂ ಕಡೆಯ ಬಾರಿ ನೋಡಬೇಕೆಂದು ಅವಳ ಜೀವ ಒದ್ದಾಡುತ್ತಿತ್ತು. ಕಂದು ತೊಗಟೆಯ ಮೇಲೆ ಕಂದು ಮರಿ ಎಲ್ಲಿ ಕಂಡೀತು?

ಸೋತ ನರಸಕ್ಕ ಬಾವಿಕಟ್ಟೆಯ ಕೆಸರು ಕಲಸಿ, ಗೊಣಗುತ್ತಲೇ ಒನಕೆಗೆ ಕಟ್ಟಲು ಮಣ್ಣಿನ ಕಪ್ಪೆ ಮಾಡಲು ಕುಳಿತಳು.

ಜುಂಜಿ ಕಣ್ಣೊರೆಸಿಕೊಂಡು ಮರವನ್ನು ಬುಡದಿಂದ ತುದಿಯವರೆಗೆ ಇನ್ನೊಮ್ಮೆ ನೋಡಿದಳು. ಸಾಕಿದ ತನಗೇ ಕಾಣದವು ಇನ್ನು ಯಾರ ಕೈಗೂ ಸಿಗುವುದಿಲ್ಲ. ಅವಳು ಹುಡುಕುವುದನ್ನು ನಿಲ್ಲಿಸಿದಳು.