ಓದಲು ಸಿಕ್ಕ ಜಾಗ

ಹಾಡಹಗಲೇ ನಡೆದದ್ದು ಇದು. ಕಾಲೇಜಿನಲ್ಲಿ ಕೂತು ಓದಲು ಜಾಗವಿಲ್ಲ; ಮನೆಯಲ್ಲಿ ಹುಡುಗಿ ಪುಸ್ತಕ ಹಿಡಿದರೆ ಸಾಕು, ಕೆಲಸ ಹುಟ್ಟಿಕೊಳ್ಳುತ್ತದೆ. ಈ ಸಲವೂ ಫೇಲಾದರೆ ಓದು ಬಿಡಿಸುತ್ತೇನೆಂದು ಅಪ್ಪ ಹೇಳಿಯಾಗಿತ್ತು. ಹಾಗಾಗಿ ನಾನೂ ಗೆಳತಿ ರೋಹಿಣಿಯೂ, ಮಕ್ಕಳು ಕಡಿಮೆಯೆಂದು ಸರ್ಕಾರ ಮುಚ್ಚಿದ ವಜ್ರಳ್ಳಿ ಕಡೆಯ ಕನ್ನಡ ಶಾಲೆಯೊಂದನ್ನು ಹೊಕ್ಕೆವು. ಈಗಷ್ಟೇ ಯಾರೋ ಎದ್ದುಹೋದಂತೆ ನೆಲ ಬೆಚ್ಚಗಿತ್ತು.

ನಾನು ಗಟ್ಟಿಯಾಗಿ ಒಂದು ಸಾಲು ಓದಿದೆ. ಪಕ್ಕದ ಕೋಣೆಯಲ್ಲಿ ಮಕ್ಕಳು ಒಟ್ಟಾಗಿ ಅದನ್ನೇ ಹೇಳಿದರು, ಚಿಕ್ಕಂದಿನಲ್ಲಿ ನಾವು ಹೇಳುತ್ತಿದ್ದ ಹಾಗೆಯೇ, ಕೊನೆಯ ಪದವನ್ನು ಎಳೆದು.

“ಟೀಚರಮ್ಮಾ, ನಿಂಗೆ ಮಕ್ಕಳು ಸಿಕ್ರಲ್ಲೇ!” ಎಂದು ನಗುತ್ತ ರೋಹಿಣಿ ಅಲ್ಲಿಗೆ ಹೋಗಿ ಇಣುಕಿದಳು. ಅವಳ ನಗು ನಿಂತಿತು. “ಒಬ್ರೂ ಇಲ್ಲ ಮಾರಾಯ್ತಿ. ಓದೂದು ನಿಲ್ಸು.”

ನಿಲ್ಲಿಸಿದೆ. ಆ ದನಿಗಳು ಮುಂದಿನ ಸಾಲು ಹೇಳಿದವು. ಅದು ನಾನಿನ್ನೂ ಮಗುಚದ ಪುಟದಲ್ಲಿತ್ತು.

ಮರುದಿನವೂ ಅಲ್ಲಿಗೇ ಹೋದೆವು. ಓದಲು ನಮಗೆ ಬೇರೆ ಜಾಗ ಇರಲಿಲ್ಲ.