ಕೊನೆಯ ಬೋಗಿಯ ಕೈಬ್ರೇಕು

"ಬಿಗಿ ಹಿಡಿದೆಯಾ, ಅಣ್ಣಾ?"

ಇಳಿಜಾರು ಶುರುವಾಗುವಲ್ಲಿ ನಾನು ಗಾಳಿಗೆ ಹೀಗೆ ಕೇಳಿದ್ದು ಬರೀ ಅಭ್ಯಾಸಬಲದಿಂದ. ಉಗಿಬಂಡಿ ಓಡಿಸುವವನು ನಾನು. ಕೊನೆಯ ಬೋಗಿಯಲ್ಲಿ ಕೈಬ್ರೇಕಿನ ಚಕ್ರ ತಿರುಗಿಸುತ್ತಿದ್ದವನು ಅಣ್ಣ. ಹೋದ ವರ್ಷ ಗಾಡಿ ಇಲ್ಲೇ ಜಾರಿದಾಗ ಉಳಿದವರೆಲ್ಲ ಹಾರಿ ಪಾರಾದರು. ಅವನು ಚಕ್ರ ಬಿಡದೆ ಪ್ರಾಣ ಬಿಟ್ಟ. ಈಗ ಎಂಜಿನ್ನಿನಿಂದಲೇ ಎಲ್ಲ ಬೋಗಿಗಳಿಗೂ ಬ್ರೇಕು ಬೀಳುತ್ತದೆ. ಹಿಂದೆ ಯಾರೂ ಇರುವುದಿಲ್ಲ.

ದೇವರಾಣೆ, ಹಾಗೆ ಕೇಳಿದ್ದೇ ತಡ, ನಾನು ಬ್ರೇಕು ಮುಟ್ಟುವ ಮೊದಲೇ ಯಾರೋ ಹಿಂದಿನಿಂದ ಅಂಗಿ ಹಿಡಿದು ಜಗ್ಗಿದಂತೆ ಗಾಡಿ ನಿಧಾನವಾಯಿತು. ಕಾದ ಕಬ್ಬಿಣದ ವಾಸನೆ ಬಂತು. ಕೆಳಗಿನ ನಿಲ್ದಾಣದಲ್ಲಿ ಕೊನೆಯ ಬೋಗಿಯ ಬೀಗ ತೆಗೆದು ನೋಡಿದರೆ, ಕೈಬ್ರೇಕು ಕಡೆಯ ಸುತ್ತಿನವರೆಗೂ ಬಿಗಿದಿತ್ತು. ಅದರ ಚಕ್ರವೆಲ್ಲ ತಣ್ಣಗಿತ್ತು; ಅಂಗೈಯಗಲದ ಎರಡು ಜಾಗ ಮಾತ್ರ ಬೆಚ್ಚಗೆ, ಬೆವರಿನಿಂದ ಒದ್ದೆಯಾಗಿತ್ತು.

ನಿಲ್ದಾಣದಲ್ಲಿ ಚಹಾ ಮಾರುವ ಅತ್ತಿಗೆ ನನ್ನ ಮುಖ ನೋಡಿ ಬೋಗಿ ಹತ್ತಿ ಬಂದರು.

"ಯಾಕೋ, ದೆವ್ವ ಕಂಡವನ ಹಾಗೆ ನಿಂತಿದ್ದೀಯ?" ಎಂದು ನಗುತ್ತಲೇ ಚಕ್ರ ಮುಟ್ಟಿದರು. ನಗು ಅಲ್ಲೇ ನಿಂತಿತು. ಆ ಎರಡು ಜಾಗಗಳಲ್ಲೂ ಅಂಗೈ ಊರಿ ಕಣ್ಣು ಮುಚ್ಚಿದರು.

ಸಿಗ್ನಲ್ ಬಿತ್ತು. ಬ್ರೇಕು ಸಡಿಲಿಸದೆ ಗಾಡಿ ಕದಲದು. ಅಷ್ಟು ಹೊತ್ತಾದರೂ ಚಕ್ರದ ಬಿಸಿ ಆರಿರಲಿಲ್ಲ.

"ಕೈ ತೆಗೀರಿ ಅತ್ತಿಗೆ, ಹೊರಡಬೇಕು."

"ತೆಗೆಯಲ್ಲ, ಹೋಗೋ."