ಸುಣ್ಣದೊಳಗಿನ ಕೈ

ಮದುವೆಯಾದ ಹನ್ನೊಂದನೆಯ ದಿನ ಕಳಕಪ್ಪ ಹೆಂಡತಿಯೊಡನೆ ಮೊದಲ ಸಲ ನಾಲ್ಕು ಮಾತಾಡಿದ. ಅವೂ ಗೋಡೆಯ ಬಗ್ಗೆ.

"ಒಳಕೋಣಿಗೆ ಸುಣ್ಣ ಆಗ್ಲಿ. ಆಮ್ಯಾಲ ನಾ ಒಳಗ ಬರ್ತೀನಿ. ಅಲ್ಲೀತನಾ ಪಡಸಾಲ್ಯಾಗ ಮಲಗ್ತೀನಿ."

ಹುಲಗಮ್ಮ ತಲೆ ಎತ್ತಿ ನೋಡಿದಳು. ಅವನು ಅವಳತ್ತ ನೋಡಲಿಲ್ಲ. ಆದರೆ ಕಿವಿ ಮಾತ್ರ ಕೆಂಪಾಗಿತ್ತು. ಆರಡಿ ಆಳು, ದಿನವಿಡೀ ಗಾಣ ಹೊಡೆಯುವವನು, ಇವನಿಗೆ ಇಷ್ಟು ಸಂಕೋಚವೇ ಎಂದು ಅವಳಿಗೆ ಒಳಗೊಳಗೇ ನಗು ಬಂತು.

"ಯಾರನ್ನ ಕರಸ್ತೀರಿ?"

"ಕೊಪ್ಪಳದಾಗ ಸುಣ್ಣ ಹಚ್ಚೋರು ಯಾರೂ ಆ ಕೋಣಿಗೆ ಬರಂಗಿಲ್ಲ."

"ಹಂಗಾದ್ರ ನಾನ ಹಚ್ತೀನಿ ತಗೋರಿ."

ಯಾಕೆ ಬರುವುದಿಲ್ಲ ಎಂಬುದನ್ನು ಮಗ್ಗುಲ ಮನೆಯ ಬಳೆಗಾರ್ತಿ ಖಾಜಾಬೀ ಹೇಳಿದಳು. ಹೊಸ ಸೊಸೆಗೆ ಬಳೆ ಇಡಿಸಲು ಬಂದವಳು ಕೈ ಹಿಸುಕಿ ಹಿಸುಕಿ ಸೋತಿದ್ದಳು.

"ಎಷ್ಟ ದೊಡ್ಡ ಕೈಯವ್ವ ನಿಂದು! ಗಾಳೆವ್ವಂದು ಸಣ್ಣ ಹುಡಿಗಿ ಕೈ ಇದ್ದಂಗ ಇತ್ತು."

ಗಾಳೆಮ್ಮ ಕಳಕಪ್ಪನ ಮೊದಲ ಹೆಂಡತಿ. ಜ್ವರದಲ್ಲಿ ತೀರಿಕೊಂಡು ಎರಡು ವರ್ಷವಾಗಿತ್ತು.

"ಆ ಕೋಣಿ ಬಾಗಲದ ಹಂತ್ಯಾಕ ನೋಡು," ಖಾಜಾಬೀ ದನಿ ತಗ್ಗಿಸಿದಳು. "ಮೊದಲ ದೀಪಾವಳ್ಯಾಗ ಆಟಕ್ಕಂತ ಕೆಮ್ಮಣ್ಣಾಗ ಕೈ ಅದ್ದಿ ಒತ್ತಿದ್ಲು. ಆಕಿ ಹೋದಮ್ಯಾಲ ಎರಡ ಸಲ ಸುಣ್ಣ ಹಚ್ಚಿಸ್ಯಾರ. ಎರಡೂ ಸಲ ಕೈ ಎದ್ದು ಬಂತು. ಹಚ್ಚಾವ ಕುಂಚ ಬಿಟ್ಟು ಓಡಿದ."

"ಬರ್ಲಿ ಬಿಡು. ನನ್ನ ಕೈನೂ ನೋಡ್ಲಿ," ಎಂದು ಹುಲಗಮ್ಮ ನಕ್ಕಳು. ಕಣ್ಣು ಮಾತ್ರ ಒಳಕೋಣೆಯ ಬಾಗಿಲತ್ತ ಹೋಯಿತು.

ಅವಳು ಕಿನ್ನಾಳದವಳು. ಗಾಣಿಗರ ಮಗಳಾದರೂ ಬೊಂಬೆ ಮಾಡುವವರ ಓಣಿಯಲ್ಲಿ ಆಡಿ ಬೆಳೆದವಳು. ತಳ ಗಟ್ಟಿಯಿದ್ದರಷ್ಟೇ ಬಣ್ಣ ನಿಲ್ಲುತ್ತದೆಂದು ಅಲ್ಲಿ ನೋಡಿ ಕಲಿತಿದ್ದಳು. ಕಲ್ಲುಸುಣ್ಣವನ್ನು ನಾಲ್ಕು ದಿನ ಗಡಿಗೆಯಲ್ಲಿ ನೆನೆಸಿ, ಹಳೆ ಸೀರೆಯಲ್ಲಿ ಸೋಸಿ, ಗೋಂದಿನ ನೀರು, ಒಂದು ಚಿಟಿಕೆ ನೀಲಿ ಬೆರೆಸಿದಳು. ಬಿರುಕುಗಳಿಗೆ ಗಾರೆ ಮೆತ್ತಿ, ಗೋಡೆಗೆ ನೀರು ಚಿಮುಕಿಸಿ, ಪುಂಡಿನಾರಿನ ಕುಂಚದಿಂದ ಮೊದಲು ಮೇಲಿಂದ ಕೆಳಕ್ಕೆ ಎಳೆದಳು. ಒಣಗಿದ ಮೇಲೆ ಅಡ್ಡಕ್ಕೆ ಇನ್ನೊಂದು ಸಲ ಎಳೆದಳು.

ನೀರು ಕುಡಿಯುವ ನೆಪದಲ್ಲಿ ಕಳಕಪ್ಪ ಹೊಸ್ತಿಲಾಚೆ ಬಂದು ನಿಂತ. ತಂಬಿಗೆ ಎಂದೋ ಬರಿದಾಗಿದ್ದರೂ ಕುಡಿಯುತ್ತಲೇ ಇದ್ದ.

"ಮೂಗಿಗೂ ಹಚ್ಚೀಯಲ್ಲ."

"ಬಂದು ಒರಸ್ರಿ."

ಅವನ ತುಟಿಯಲ್ಲಿ ನಗು ಮೂಡಿತು, ಒಂದು ಕಾಲು ಹೊಸ್ತಿಲ ಹತ್ತಿರ ಬಂತು. ಅಷ್ಟರಲ್ಲಿ ಅವನ ಕಣ್ಣು ಅವಳ ಹೆಗಲಾಚೆ ಹೋಯಿತು. ಮುಖ ಬಿಳಚಿತು. ಹುಲಗಮ್ಮ ತಿರುಗಿ ನೋಡಿದಳು. ಗೋಡೆ ಬೆಳ್ಳಗೆ ಆರುತ್ತಾ ಬಂದಂತೆ ಬಾಗಿಲ ಪಕ್ಕದಲ್ಲಿ ಐದು ಬೆರಳು ಒಂದೊಂದಾಗಿ ಎದ್ದು ಬರುತ್ತಿದ್ದವು.

ಮೂರನೆಯ ಸಲ ಹಚ್ಚಿದಳು. ಮರುದಿನ ಕೈ ಮತ್ತೆ ಬಂದಿತ್ತು. ಈ ಸಲ ಅದರ ಸುತ್ತ ಹಳದಿ ನೆರಳಿತ್ತು, ಅದಕ್ಕೂ ಬೆರಳಿದ್ದವು. ಹುಲಗಮ್ಮ ತನ್ನ ಅಂಗೈ ಇಟ್ಟು ನೋಡಿದಳು. ನೆರಳು ಅವಳ ಕೈಗಿಂತಲೂ ದೊಡ್ಡದಿತ್ತು. ಸತ್ತವಳ ಕೈ ಬೆಳೆಯುತ್ತಿದೆಯೇ? ಅವಳು ತಟ್ಟನೆ ಕೈ ಹಿಂದಕ್ಕೆಳೆದುಕೊಂಡಳು.

"ಬಿಟ್ಟುಬಿಡು," ಎಂದ ಕಳಕಪ್ಪ ಹೊರಗಿನಿಂದಲೇ. "ಸೋಮವಾರ ನಿನ್ನ ಕಿನ್ನಾಳಕ್ಕ ಬಿಟ್ಟು ಬರ್ತೀನಿ. ನನ್ನ ಜೋಡಿ ನಿನ್ನ ಬಾಳೇವು ಹಾಳಾಗೂದು ಬ್ಯಾಡ."

ತವರಿಗೆ ಹೋಗಲು ಅವಳಿಗೆ ಮನಸ್ಸಿರಲಿಲ್ಲ. ಬರಿದಾದ ತಂಬಿಗೆಯಲ್ಲಿ ನೀರು ಕುಡಿಯುವ ಈ ಮನುಷ್ಯನ ಮೇಲೆ ಅವಳಿಗೆ ಮನಸ್ಸಾಗಿಬಿಟ್ಟಿತ್ತು.

ಭಾನುವಾರ ಮಧ್ಯಾಹ್ನ ನೀರಿಗೆ ಹೊರಟವಳು ಕೊಡದಡಿ ತಲೆಗಿಡುವ ಸಿಂಬಿ ಮರೆತು ಅರ್ಧ ದಾರಿಯಿಂದ ತಿರುಗಿ ಬಂದಳು. ಒಳಕೋಣೆಯಲ್ಲಿ ಯಾರೋ ಪಿಸುಗುಟ್ಟುತ್ತಿದ್ದರು. ಉಸಿರು ಬಿಗಿಹಿಡಿದು ಇಣುಕಿದಳು. ಕಳಕಪ್ಪ ಕಣ್ಣು ಮುಚ್ಚಿ, ಗೋಡೆಯ ಮೇಲಿನ ಪುಟ್ಟ ಕೈಯ ಮೇಲೆ ತನ್ನ ಕೈ ಇಟ್ಟು ನಿಂತಿದ್ದ. ಸುತ್ತಲಿನ ಹಳದಿ ನೆರಳಿಗೆ ಅವನ ಕೈ ಸರಿಯಾಗಿ ಕೂತಿತ್ತು.

"ಹೋಗ ಗಾಳೆವ್ವ, ನನ್ನ ಬಿಡು. ಹೊರಗಿನಾಕಿ ಭಾಳ ಛಲೋ ಅದಾಳ. ಆಕಿ ಮಾರಿ ಕಣ್ತುಂಬ ನೋಡಬೇಕಂದ್ರ ನಿನ್ನ ಅಂಜಿಕಿ."

ಅವನ ಮುಂಗೈವರೆಗೂ ಕುಸುಬಿ ಎಣ್ಣೆ ಮಿರುಗುತ್ತಿತ್ತು. ಎಲ್ಲೋ ದೂರದ ಮಹಾಯುದ್ಧದಿಂದ ಸೀಮೆಎಣ್ಣೆ ಸಿಗುವುದು ಕಷ್ಟವಾಗಿ, ದೀಪಕ್ಕೂ ಗಾಣದೆಣ್ಣೆಯನ್ನೇ ಕೇಳುವ ಕಾಲ. ಅವನ ಕೈ ಒಣಗಿದ್ದೇ ಇಲ್ಲ. ಹುಲಗಮ್ಮನಿಗೆ ಕಿನ್ನಾಳದ ಅಂಗಳ ನೆನಪಾಯಿತು. ಬೊಂಬೆ ಮುಟ್ಟಲು ಹೋದರೆ ಅಲ್ಲಿಯವರು ಗದರುತ್ತಿದ್ದರು: ಗಾಣಿಗರ ಹುಡಿಗಿ, ಎಣ್ಣಿ ಕೈಲೆ ಮುಟ್ಟಬ್ಯಾಡ, ಬಣ್ಣ ನಿಲ್ಲಂಗಿಲ್ಲ.

"ದಿನಾ ಹಿಂಗ ಬೇಡ್ಕೋತೀರೇನ್ರಿ?"

ಅವನು ಬೆಚ್ಚಿ ತಿರುಗಿದ. "ದಿನಾ. ಎರಡ ವರ್ಷಾತು."

"ಕೈ ಹಿಡ್ಕೊಂಡು ಹೋಗು ಹೋಗು ಅಂದ್ರ, ಆಕಿ ಹೆಂಗ ಹೋಗಬೇಕ್ರಿ?"

ಕಳಕಪ್ಪ ತನ್ನ ಕೈಯನ್ನೂ ಗೋಡೆಯನ್ನೂ ನೋಡಿದ. ಅಲ್ಲೇ ಕುಸಿದು ಕೂತು ಅತ್ತುಬಿಟ್ಟ. ಅವಳೂ ಅತ್ತಳು.

ಸೋಮವಾರ ಅವಳು ಕಿನ್ನಾಳಕ್ಕೆ ಹೋಗಲಿಲ್ಲ. ಗೋಡೆಯ ಗಿಲಾಯಿಯಲ್ಲಿ ಎಣ್ಣೆ ಕುಡಿದಿದ್ದ ಗಾರೆಯನ್ನು ಕೆತ್ತಿ, ಬೂದಿ ಮತ್ತು ಸೀಗೆಪುಡಿಯಿಂದ ತಿಕ್ಕಿ, ಹೊಸದಾಗಿ ಮೆತ್ತಿದಳು. ಅದು ಆರಿದ ಮೇಲೆ ಎರಡು ಸಲ ಸುಣ್ಣ ಹಚ್ಚಿದಳು. ಕಳಕಪ್ಪನ ಕೈಗೂ ಅದೇ ಬೂದಿ, ಅದೇ ಸೀಗೆಪುಡಿ. "ಇನ್ನೊಮ್ಮೆ ತಿಕ್ಕೋರಿ," ಎಂದು ಮೂರು ಸಲ ತೊಳೆಸಿದಳು. ಕೆಮ್ಮಣ್ಣಿನಲ್ಲಿ ಅದ್ದಿದ ದಾರವನ್ನು ಎಳೆದು ಹೊಡೆದು ಗೆರೆ ಮೂಡಿಸಿ, ಗೋಡೆಯ ಬುಡಕ್ಕೆ ನೇರವಾಗಿ ಕೆಂಪು ಅಂಚು ತುಂಬಿದಳು. ಮೂರನೆಯ ದಿನ ಸಂಜೆಗೆ ಅದು ಅರಮನೆಯ ಕೋಣೆಯಂತೆ ಕಂಡಿತು. ಕೈ ಬರಲಿಲ್ಲ.

"ಬರ್ರಿ," ಎಂದಳು ಒಳಗಿನಿಂದ.

ಅವನು ಹೊಸ್ತಿಲಲ್ಲಿ ನಿಂತೇ ಇದ್ದ. ಅವಳ ಕಣ್ಣು ನೋಡಿದ, ಕಾಲು ಏಳಲಿಲ್ಲ. ಇದ್ದಕ್ಕಿದ್ದಂತೆ ಮುಗ್ಗರಿಸಿ ಎರಡು ಹೆಜ್ಜೆ ಮುಂದಕ್ಕೆ ಬಂದು ಅವಳ ತೋಳಿಗೇ ಬಿದ್ದ.

"ಯಾರೋ ದಬ್ಬಿದಂಗಾತು, ಹುಲಗಿ."

ಅವನು ತನ್ನನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಅವನ ಹೆಗಲ ಮೇಲಿಂದ ನೋಡಿದಳು. ಪಡಸಾಲೆಯಲ್ಲಿ ಯಾರೂ ಇರಲಿಲ್ಲ.

ಬೆಳಿಗ್ಗೆ ಒಗೆಯಲೆಂದು ಅವನ ಅಂಗಿ ಎತ್ತಿದಾಗ ಬೆನ್ನ ನಡುವೆ ಸುಣ್ಣದ ಒಂದು ಕೈ ಮೂಡಿತ್ತು. ಹುಲಗಮ್ಮ ಅದರ ಮೇಲೆ ತನ್ನ ಅಂಗೈ ಇಟ್ಟಳು. ಅದು ಅವಳ ಕೈಯೊಳಗೆ ಪೂರ್ತಿ ಅಡಗಿಹೋಯಿತು.

"ಹೋಗಿ ಬಾರಕ್ಕಾ," ಎಂದು ಮೆಲ್ಲಗೆ ಹೇಳಿ, ಅಂಗಿಯನ್ನು ನೀರಿನಲ್ಲಿ ಅದ್ದಿದಳು.

"ಏನಾಗಿತ್ತ ಅಂಗಿಗೆ?" ಎಂದ ಕಳಕಪ್ಪ ಹಿಂದಿನಿಂದ.

"ಏನಿಲ್ರಿ. ಸುಣ್ಣ ಹತ್ತಿತ್ತು."